ಸೀಟಿನಡಿಯ ಹಳದಿ ಪ್ಲಗ್: ಕಾರಿನ ಸೀಟು ಬದಲಿಸುವ ಮೊದಲು ಇಷ್ಟು ತಿಳಿದಿರಲಿ

ನಾನು ಮೊದಲ ಸಲ ಕಾರಿನ ಸೀಟು ಬದಲಿಸಿದಾಗ ಕೆಲಸ ಕೆಡಿಸಿದ್ದು ತುಂತುರು ಮಳೆ. ಮುಂದಿನ ಎರಡೂ ಸೀಟು ಹೊರಗೆ ಬಂದಿದ್ದವು. ಬ್ಯಾಟರಿ ಕಳಚಿತ್ತು. ಡ್ರೈವರ್ ಬದಿಯ ಗಾಜು ಮಾತ್ರ ಪೂರ್ತಿ ಇಳಿದಿತ್ತು. ಹನಿ ಶುರುವಾದ ಕೂಡಲೇ ಬ್ಯಾಟರಿ ಸಿಕ್ಕಿಸಿ, ಕೀ ತಿರುಗಿಸಿ, ಗಾಜು ಏರಿಸಿ, ಮತ್ತೆ ಬ್ಯಾಟರಿ ತೆಗೆದೆ. ಹತ್ತು ಸೆಕೆಂಡಿನ ಕೆಲಸ, ಅಷ್ಟೇ ಅಲ್ವಾ? ಸಂಜೆ ಬೇರೆ ಕಾರಿನಿಂದ ಬಿಚ್ಚಿ ತಂದ ಸೀಟುಗಳನ್ನು ಕೂರಿಸಿದೆ. ಎಲ್ಲ ಪ್ಲಗ್ ಸಿಕ್ಕಿಸಿ, ಜಂಬದಿಂದ ಸ್ಟಾರ್ಟ್ ಮಾಡಿದೆ. ಏರ್‌ಬ್ಯಾಗ್ ದೀಪ ಹತ್ತಿತು. ಹತ್ತಿದ್ದು ಆರಲೇ ಇಲ್ಲ. ಪ್ಲಗ್ ಬಿಚ್ಚಿ ಹಾಕಿದೆ. ರಾತ್ರಿಯಿಡೀ ಬ್ಯಾಟರಿ ಕಳಚಿಟ್ಟೆ. ಊಹೂಂ.

ನಾನು ಮೆಕ್ಯಾನಿಕ್ ಅಲ್ಲ. ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬಂದವನು. ವೈರು ಅಂದರೆ ನನಗೆ ಹೆದರಿಕೆ ಇಲ್ಲ. ಈ ಕೆಲಸದಲ್ಲಿ ಆ ಧೈರ್ಯವೇ ತೊಂದರೆ ಕೊಟ್ಟಿತು. ಆಮೇಲೆ ಗೆಳೆಯರಿಗೆ, ನೆಂಟರಿಗೆ ಅಂತ ಹತ್ತಾರು ಸೀಟು ಬಿಚ್ಚಿ ಹಾಕಿದ್ದೇನೆ. ಬೋಲ್ಟ್ ಬಿಚ್ಚುವುದು ಯಾರಿಗೂ ಕಷ್ಟ ಅಲ್ಲ. ಕಷ್ಟ ಇರುವುದು ಅಡಿಯಲ್ಲಿರುವ ಆ ಪುಟ್ಟ ಹಳದಿ ಪ್ಲಗ್‌ನಲ್ಲಿ.

ಅಡಿಯಲ್ಲಿ ಏನೇನಿದೆ

ಒಂದು ಕಾಲದಲ್ಲಿ ಸೀಟು ಅಂದರೆ ಕಬ್ಬಿಣ, ಸ್ಪ್ರಿಂಗು, ಫೋಮು. ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತಿತ್ತು. 1990ರ ದಶಕದ ನಡುವಿನಲ್ಲಿ ವೋಲ್ವೊ ಪಕ್ಕದ (ಸೈಡ್) ಏರ್‌ಬ್ಯಾಗನ್ನು ಸೀಟಿನೊಳಗೇ ಇಟ್ಟು ಮಾರತೊಡಗಿತು. ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಈಗ ಟಾರ್ಚ್ ಹಿಡಿದು ಸೀಟಿನಡಿ ನೋಡಿದರೆ ಸಣ್ಣದೊಂದು ಟೆಲಿಫೋನ್ ಎಕ್ಸ್‌ಚೇಂಜ್ ಕಾಣುತ್ತದೆ.

ಸೀಟಿನ ಬಾಗಿಲ ಬದಿಯಲ್ಲಿ ‘ಏರ್‌ಬ್ಯಾಗ್’ ಎಂಬ ಚಿಕ್ಕ ಚೀಟಿ ಹೊಲಿದಿದ್ದರೆ ಅದರೊಳಗೆ ಏರ್‌ಬ್ಯಾಗ್ ಇದೆ ಎಂದರ್ಥ. ಅದಕ್ಕೆ ಎರಡು ವೈರು. ಬೆಲ್ಟಿನ ಬಕಲ್ ಸೀಟಿಗೇ ಜೋಡಿಸಿದ್ದರೆ, ಅದರ ಬುಡದಲ್ಲಿ ಹೆಚ್ಚಾಗಿ ಪ್ರಿಟೆನ್ಷನರ್ ಇರುತ್ತದೆ. ಡಿಕ್ಕಿಯಾದಾಗ ಸಣ್ಣ ಮದ್ದು ಸಿಡಿದು ಬಕಲನ್ನು ಕೆಳಗೆ ಎಳೆದು ಬೆಲ್ಟ್ ಬಿಗಿ ಮಾಡುವ ಭಾಗ ಅದು. ಅದಕ್ಕೂ ಎರಡು ವೈರು. ಇವೆರಡೂ ಸಿಡಿಯುವ ವಸ್ತುಗಳು. ಇವುಗಳ ಪ್ಲಗ್ ಅಥವಾ ವೈರಿನ ಹೊದಿಕೆ ಸಾಮಾನ್ಯವಾಗಿ ಹಳದಿ.

ಉಳಿದವು ಸಿಡಿಯುವುದಿಲ್ಲ, ಆದರೆ ಸುದ್ದಿ ಕೊಡುತ್ತವೆ. ಬೆಲ್ಟ್ ಹಾಕಿದ್ದೀರಾ ಅಂತ ಹೇಳುವ ಸ್ವಿಚ್ ಬಕಲ್‌ನಲ್ಲಿ ಇರುತ್ತದೆ. ಸೀಟು ಎಷ್ಟು ಮುಂದಿದೆ ಅಂತ ಹೇಳುವ ಸೆನ್ಸರ್ ಸೀಟು ಜಾರುವ ಹಳಿಯ ಮೇಲೆ. ಡ್ರೈವರ್ ಪಕ್ಕದ ಸೀಟಿನ ಕುಶನ್ನಿನಲ್ಲಿ ಯಾರಾದರೂ ಕೂತಿದ್ದಾರಾ, ಭಾರ ಎಷ್ಟು ಅಂತ ನೋಡುವ ಸೆನ್ಸರ್. ಇವುಗಳ ಜೊತೆ ಸೀಟಿನ ಮೋಟಾರು, ಹೀಟರಿನ ವೈರುಗಳು. ಇನ್ನೊಂದು ಮಾತು. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನಲ್ಲಿ ದಪ್ಪನೆಯ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಹೈ ವೋಲ್ಟೇಜ್. ಅದರ ತಂಟೆಗೆ ಹೋಗಬೇಡಿ.

ಸಿಡಿಯುವ ಭಾಗಗಳ ಮತ್ತು ಈ ಸೆನ್ಸರ್‌ಗಳ ವೈರು ಹೋಗಿ ಸೇರುವುದು ಏರ್‌ಬ್ಯಾಗ್ ಕಂಪ್ಯೂಟರಿಗೆ. ಕೀ ತಿರುಗಿಸಿದಾಗಲೆಲ್ಲ ಅದು ಪ್ರತಿಯೊಂದು ಸಿಡಿಯುವ ಸರ್ಕ್ಯೂಟಿನ ಓಮ್, ಅಂದರೆ ಕರೆಂಟಿಗೆ ಇರುವ ತಡೆ, ಅಳೆಯುತ್ತದೆ. ಮದ್ದು ಸಿಡಿಸುವ ಸಣ್ಣ ತಂತಿಯ (ಫಿಲಮೆಂಟಿನ) ಓಮ್ ಸಾಮಾನ್ಯವಾಗಿ 2ರ ಆಸುಪಾಸು. ಪ್ಲಗ್ ಸಡಿಲವಾಗಿ ಅಥವಾ ತುಕ್ಕು ಹಿಡಿದು ಅದು ಒಂದೆರಡು ಓಮ್ ಏರಿದರೂ ಕಂಪ್ಯೂಟರ್ ದೀಪ ಹತ್ತಿಸಿ, ದೋಷದ ಕೋಡ್ ಬರೆದಿಟ್ಟುಕೊಳ್ಳುತ್ತದೆ. ನಾನು ಗಾಜು ಏರಿಸಿದ ಹತ್ತು ಸೆಕೆಂಡಿನಲ್ಲಿ ಆಗಿದ್ದು ಇದೇ. ‘ಎರಡೂ ಸೀಟಿನ ಏರ್‌ಬ್ಯಾಗ್ ಕಾಣೆ’ ಅಂತ ಅದು ನೆನಪಿಟ್ಟುಕೊಂಡಿತು. ಬ್ಯಾಟರಿ ತೆಗೆದರೂ ಆ ನೆನಪು ಹೋಗುವುದಿಲ್ಲ.

ಸೀಟು ತರುವ ಮೊದಲು

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಇಲ್ಲವೇ ಇಲ್ಲೇ ಕೆಡುತ್ತದೆ. ಬೋಲ್ಟಿನ ತೂತು ಹೊಂದಿದರೆ ಸಾಕು ಅಂತ ತುಂಬಾ ಜನ ತಿಳಿದಿದ್ದಾರೆ. ತೂತು ಹೊಂದುವುದು ದೊಡ್ಡದಲ್ಲ, ಪ್ಲಗ್ ಹೊಂದಬೇಕು. ಪ್ಲಗ್ ಹೊಂದಿದರೂ ಸಾಲದು, ಒಳಗಿನ ಸಾಮಾನು ಹೊಂದಬೇಕು.

ಹಳೆಯ ಸೀಟಿನ ಅಡಿಯ ಪ್ಲಗ್‌ಗಳ ಫೋಟೊ ತೆಗೆದುಕೊಂಡು ಹೋಗಿ. ಎಷ್ಟು ಪ್ಲಗ್, ಯಾವ ಬಣ್ಣ, ಎಷ್ಟು ಪಿನ್ ಅಂತ ಪಕ್ಕಪಕ್ಕ ಇಟ್ಟು ನೋಡಿ. ಏರ್‌ಬ್ಯಾಗ್ ಮತ್ತು ಬಕಲ್ ಮೇಲೆ ಅಂಟಿಸಿದ ಚೀಟಿಯಲ್ಲಿ ಪಾರ್ಟ್ ನಂಬರ್ ಇರುತ್ತದೆ. ಅದನ್ನೂ ತಾಳೆ ನೋಡಿ. ಒಂದೇ ಮಾಡೆಲ್ ಆದರೂ ವರ್ಷ ಬದಲಾದರೆ ಬಕಲ್ ಸ್ವಿಚ್ ಬದಲಾಗಿರಬಹುದು. ಪ್ಲಗ್ ಸಿಕ್ಕಿಸಿದಾಗ ಕ್ಲಿಕ್ ಅನ್ನುತ್ತದೆ, ಆದರೆ ಕಂಪ್ಯೂಟರಿಗೆ ಅದರ ಭಾಷೆ ಅರ್ಥವಾಗುವುದಿಲ್ಲ.

ನಿಮ್ಮ ಕಾರಿನಲ್ಲಿ ಪಕ್ಕದ ಏರ್‌ಬ್ಯಾಗ್ ಇದ್ದು, ತರುವ ಸೀಟಿನಲ್ಲಿ ಇಲ್ಲದಿದ್ದರೆ ಆ ಸೀಟು ಬೇಡ. ಎಷ್ಟೇ ಚೆಂದದ ಲೆದರ್ ಇರಲಿ, ಬೇಡ. ಉಲ್ಟಾ ಪ್ರಶ್ನೆಯೂ ಬರುತ್ತದೆ. ಸೀಟಿನಲ್ಲಿ ಏರ್‌ಬ್ಯಾಗ್ ಇದೆ, ಕಾರಿನಲ್ಲಿ ಅದಕ್ಕೆ ವೈರೇ ಇಲ್ಲ. ಆ ಏರ್‌ಬ್ಯಾಗ್ ಯಾವತ್ತೂ ಕೆಲಸ ಮಾಡುವುದಿಲ್ಲ. ಬಾಗಿಲಿನ ಸೆನ್ಸರ್, ಕಂಪ್ಯೂಟರಿನ ಪ್ರೋಗ್ರಾಂ ಎರಡೂ ಇಲ್ಲದೆ ವೈರು ಮಾತ್ರ ಎಳೆದರೆ ಪ್ರಯೋಜನ ಇಲ್ಲ. ಕೂತವರು ಮಾತ್ರ ಆ ಚೀಟಿ ನೋಡಿ ಪಕ್ಕದಲ್ಲಿ ಕಾವಲು ಇದೆ ಅಂತ ನಂಬಿರುತ್ತಾರೆ.

ಬಲ ಸೀಟು ಎಡಕ್ಕೆ ಬರುವುದಿಲ್ಲ. ಸ್ಟಿಯರಿಂಗ್ ಎಡಕ್ಕಿರುವ ಕಾರಿನ ಸೀಟನ್ನು ಸ್ಟಿಯರಿಂಗ್ ಬಲಕ್ಕಿರುವ ಕಾರಿಗೆ ತಂದರೂ ಗೊಂದಲ. ಭಾರ ನೋಡುವ ಸೆನ್ಸರ್ ಡ್ರೈವರ್ ಕೂರುವ ಸೀಟಿನಲ್ಲಿ ಬಂದು ಕೂರುತ್ತದೆ.

ಇನ್ನು ಅಪಘಾತವಾದ ಕಾರಿನ ಸೀಟು. ಏರ್‌ಬ್ಯಾಗ್ ಸಿಡಿದಿದ್ದರೆ ಪಕ್ಕದ ಹೊಲಿಗೆ ಹರಿದಿರುತ್ತದೆ, ಯಾರಿಗಾದರೂ ಕಾಣುತ್ತದೆ. ಬಕಲ್ ಮೋಸ ಮಾಡುತ್ತದೆ. ನನಗೆ ಆಗಿದ್ದು ಅದೇ. ನನ್ನ ದೀಪದ ಕಥೆಯಲ್ಲಿ ಸ್ಕ್ಯಾನರಿನಿಂದ ಎರಡು ಕೋಡ್ ಅಳಿಸಿದ ಮೇಲೂ ಮೂರನೆಯದೊಂದು ಉಳಿಯಿತು. ಪಕ್ಕದ ಸೀಟಿನ ಪ್ರಿಟೆನ್ಷನರ್. ಆ ಸೀಟಿನ ಬಕಲ್ ಡ್ರೈವರ್ ಸೀಟಿನದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಅದರ ಕೊರಳಿನ ಪ್ಲಾಸ್ಟಿಕ್ ತೋಳು ಹಾರ್ಮೋನಿಯಂ ತಿದಿಯಂತೆ ಮಡಚಿಕೊಂಡಿತ್ತು. ತಂದ ದಿನವೇ ನೋಡಿದ್ದೆ, ‘ಇದರ ಡಿಸೈನೇ ಹೀಗಿರಬೇಕು’ ಅಂದುಕೊಂಡಿದ್ದೆ. ಬೆಲ್ಟ್ ಹಾಕಿದರೆ ಕ್ಲಿಕ್ ಅನ್ನುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು. ಆದರೆ ಅದು ಸಿಡಿದು ಮುಗಿದ ಬಕಲ್. ಎರಡನೇ ಸಲ ಕೆಲಸಕ್ಕೆ ಬಾರದು.

ಅದಕ್ಕೆ ಸಿಕ್ಕಿದ ಪರಿಹಾರ ಸುಲಭವಾಗಿತ್ತು. ನನ್ನ ಹಳೆಯ ಸೀಟಿನ ಬಕಲನ್ನೇ ಬಿಚ್ಚಿ ಹೊಸ ಸೀಟಿಗೆ ಹಾಕಿದೆ. ಪಾರ್ಟ್ ನಂಬರ್ ಒಂದೇ ಇದ್ದರೆ ಇದು ಒಳ್ಳೆಯ ದಾರಿ. ನಿಮ್ಮ ಕಾರಿನದೇ ಸಾಮಾನು, ಅದರ ಚರಿತ್ರೆ ನಿಮಗೆ ಗೊತ್ತಿರುತ್ತದೆ. ಏರ್‌ಬ್ಯಾಗನ್ನು ಹೀಗೆ ವರ್ಗ ಮಾಡಲು ಮಾತ್ರ ನಾನು ಹೋಗುವುದಿಲ್ಲ. ಸೀಟಿನ ಕವರು ಬಿಚ್ಚಬೇಕು, ಅದು ಹರಿದು ಹೊರಬರುವ ಹೊಲಿಗೆ ಇದ್ದ ಹಾಗೇ ಇರಬೇಕು. ಆ ಹೊಲಿಗೆಯ ನೂಲು ಬೇರೆ, ಅದನ್ನು ಮನೆಯ ದಾರದಲ್ಲಿ ಹೊಲಿಯುವ ಹಾಗಿಲ್ಲ.

ಬಿಚ್ಚುವುದು

ಮೋಟಾರ್ ಇರುವ ಸೀಟಾದರೆ ಒಂದು ಕ್ರಮ ಇದೆ. ಬ್ಯಾಟರಿ ಇರುವಾಗಲೇ ಸೀಟನ್ನು ಪೂರ್ತಿ ಮುಂದೆ ತಂದು ಹಿಂದಿನ ಬೋಲ್ಟ್ ಬಿಚ್ಚಿ. ಪೂರ್ತಿ ಹಿಂದೆ ಒಯ್ದು ಮುಂದಿನವನ್ನು ಬಿಚ್ಚಿ. ಆಮೇಲೆ ನಡುವಿಗೆ ತಂದು ನಿಲ್ಲಿಸಿ. ಗಾಜುಗಳನ್ನು ಏರಿಸಿ! ರೇಡಿಯೊಗೆ ಕೋಡ್ ಬೇಕಾಗುವ ಕಾರಾದರೆ ಅದನ್ನು ಬರೆದಿಡಿ. ಕಾರಿನ ಹಿಂದಿನ ಸಾಮಾನಿನ ಡಿಕ್ಕಿಯ ಬೀಗ ಕರೆಂಟಿನಲ್ಲಿ ತೆರೆಯುವಂಥದ್ದಾಗಿದ್ದು ಬ್ಯಾಟರಿ ಅದರೊಳಗೇ ಇದ್ದರೆ ಡಿಕ್ಕಿ ತೆರೆದೇ ಇರಲಿ.

ಈಗ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿ. ಕಳಚಿದ ಕೇಬಲ್ ಅಕಸ್ಮಾತ್ ಹೋಗಿ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ. ಕೆಲವು ಕಾರಿನಲ್ಲಿ 12 ವೋಲ್ಟಿನ ಬ್ಯಾಟರಿ ಎರಡಿರುತ್ತವೆ, ಎರಡನ್ನೂ ಕಳಚಬೇಕು.

ಆಮೇಲೆ ಸುಮ್ನೆ ಕೂತುಕೊಳ್ಳಿ. ತಮಾಷೆ ಅಲ್ಲ, ಇದೇ ಮುಖ್ಯ ಹೆಜ್ಜೆ. ಅಪಘಾತದಲ್ಲಿ ಬ್ಯಾಟರಿ ನಜ್ಜುಗುಜ್ಜಾದರೂ ಏರ್‌ಬ್ಯಾಗ್ ಸಿಡಿಯಲಿ ಅಂತ ಕಂಪ್ಯೂಟರಿನೊಳಗೆ ಕೆಪಾಸಿಟರ್ ಇಟ್ಟಿರುತ್ತಾರೆ. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಅದು ಇಳಿಯಲು ಎಷ್ಟು ಹೊತ್ತು ಎಂಬುದು ಕಾರಿನಿಂದ ಕಾರಿಗೆ ಬೇರೆ. ಒಂದು ಸರ್ವಿಸ್ ಮ್ಯಾನುಯಲ್ 1 ನಿಮಿಷ ಅಂದರೆ ಇನ್ನೊಂದು 10 ಅನ್ನುತ್ತದೆ. ನಿಮ್ಮ ಕಾರಿನ ಮ್ಯಾನುಯಲ್ ಹೇಳಿದ್ದೇ ಕಾನೂನು. ನಾನಂತೂ ಅದು ಎಷ್ಟೇ ಹೇಳಿದರೂ ಅರ್ಧ ಗಂಟೆ ಕಾಯುತ್ತೇನೆ. ಹಳೆಯ ಟ್ಯೂಬ್ ಆಂಪ್ಲಿಫೈಯರಿನ ಕೆಪಾಸಿಟರ್ ಒಮ್ಮೆ ನನ್ನ ಮೊಣಕೈವರೆಗೆ ಒದ್ದಿತ್ತು. ಅಂದಿನಿಂದ ಕೆಪಾಸಿಟರ್ ಅಂದರೆ ನನಗೆ ಗೌರವ ಜಾಸ್ತಿ.

ಪ್ಲಗ್ ಮುಟ್ಟುವ ಮೊದಲು ಕಾರಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಮೇಲಿನ ಸ್ಟ್ಯಾಟಿಕ್ ಇಳಿಯಲಿ. ಸೀಟನ್ನು ಹಿಂದಕ್ಕೆ ವಾಲಿಸಿದರೆ ಅಡಿಯ ಪ್ಲಗ್ ಕೈಗೆ ಸಿಗುತ್ತವೆ. ಹಳದಿ ಪ್ಲಗ್‌ಗೆ ಸಾಮಾನ್ಯವಾಗಿ ಎರಡು ಬೀಗ. ಮೊದಲು ಚಿಕ್ಕ ಬೀಗವನ್ನು ಜಾರಿಸಬೇಕು ಅಥವಾ ಎತ್ತಬೇಕು, ಆಮೇಲೆ ದೊಡ್ಡದನ್ನು ಒತ್ತಿ ಎಳೆಯಬೇಕು. ಬರದಿದ್ದರೆ ಬಲ ಹಾಕಬೇಡಿ, ನೀವು ಬೀಗ ತೆಗೆದಿಲ್ಲ ಅಂತಲೇ ಅರ್ಥ. ವೈರು ಹಿಡಿದು ಎಳೆಯಲೇಬೇಡಿ.

ಪ್ಲಗ್ ಬಿಚ್ಚಿದ ಕೂಡಲೇ ಒಳಗೊಂದು ಜಾಣ ಕೆಲಸ ನಡೆಯುತ್ತದೆ. ಏರ್‌ಬ್ಯಾಗ್ ಕಡೆಯ ಪ್ಲಗ್ಗಿನೊಳಗೆ ಪುಟ್ಟ ಲೋಹದ ಪಟ್ಟಿ ಇರುತ್ತದೆ. ಪ್ಲಗ್ ಸಿಕ್ಕಿಸಿದಾಗ ಅದು ಪಕ್ಕಕ್ಕೆ ಸರಿಯುತ್ತದೆ. ಬಿಚ್ಚಿದಾಗ ಎರಡು ಪಿನ್ನಿಗೂ ತಾಗಿ ಅವೆರಡನ್ನೂ ಒಂದು ಮಾಡುತ್ತದೆ. ಎಲ್ಲಿಂದಲೋ ಬಂದ ಚೂರುಪಾರು ಕರೆಂಟ್ ಮದ್ದಿನ ಮೂಲಕ ಹರಿಯದಿರಲಿ ಅಂತ ಈ ಏರ್ಪಾಡು. ಆದ್ದರಿಂದ ಬಿಚ್ಚಿದ ಪ್ಲಗ್ಗಿನ ಬಾಯಿಗೆ ಸೂಜಿ, ಸ್ಕ್ರೂಡ್ರೈವರ್ ತೂರಿಸಬೇಡಿ.

ಸೀಟು ಭಾರ, ಹಳಿಯ ಅಂಚು ಚೂಪು. ಬಾಗಿಲ ಚೌಕಟ್ಟಿಗೆ ಹಳೆಯ ಕಂಬಳಿ ಹೊದಿಸಿ, ಇಬ್ಬರು ಸೇರಿ ಎತ್ತಿ. ಏರ್‌ಬ್ಯಾಗ್ ಇರುವ ಬದಿ ಮೈಯಿಂದ ಆಚೆಗಿರಲಿ. ಹೊರಗೆ ಸೀಟನ್ನು ನೇರವಾಗಿ ನಿಲ್ಲಿಸಿ. ಏರ್‌ಬ್ಯಾಗ್ ಬದಿ ನೆಲಕ್ಕೆ ಒರಗುವಂತೆ ಮಲಗಿಸಬೇಡಿ. ಅಕಸ್ಮಾತ್ ಸಿಡಿದರೆ ಸೀಟೇ ಹಾರುತ್ತದೆ. ಬಿಸಿಲು, ಹೀಟರ್, ವೆಲ್ಡಿಂಗ್ ಕಿಡಿ ದೂರ ಇರಲಿ. 93 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದ ಏರ್‌ಬ್ಯಾಗ್ ಬಳಸಬೇಡಿ ಅಂತ ಹಲವು ಮ್ಯಾನುಯಲ್‌ಗಳಲ್ಲಿ ಇದೆ.

ಮೀಟರ್ ಕಪಾಟಿನಲ್ಲೇ ಇರಲಿ

ನನ್ನಂಥವರಿಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ದೀಪ ಆರದಿದ್ದಾಗ ನನ್ನ ಕೈ ತಾನಾಗಿಯೇ ಮಲ್ಟಿಮೀಟರ್ ಕಡೆ ಹೋಯಿತು. ಎರಡು ವೈರು, 2 ಓಮ್, ಅಳೆದರೆ ಗೊತ್ತಾಗುತ್ತಲ್ಲ? ಗೊತ್ತಾಗುತ್ತದೆ, ಆದರೆ ಓಮ್ ಅಳೆಯಲು ಮೀಟರ್ ತನ್ನದೇ ಕರೆಂಟನ್ನು ಆ ಮದ್ದಿನೊಳಗೆ ಹರಿಸುತ್ತದೆ. ಇಂಥ ಮದ್ದು ಹೊತ್ತಿಕೊಳ್ಳಲು ಸಾಮಾನ್ಯವಾಗಿ 1.2 ಆಂಪಿಯರ್ ಕರೆಂಟ್ 2 ಮಿಲಿಸೆಕೆಂಡ್ ಹರಿದರೆ ಸಾಕು. ಸರಿಯಿರುವ ಡಿಜಿಟಲ್ ಮೀಟರ್ ಅಷ್ಟು ಕೊಡುವುದಿಲ್ಲ ಅಂತ ವಾದಿಸಬಹುದು. ನಿಮ್ಮ ಮೀಟರ್ ಸರಿಯಿದೆ ಅಂತ ಯಾರು ಹೇಳಿದ್ದು? ಬಲ್ಬಿನ ಟೆಸ್ಟ್ ಲ್ಯಾಂಪ್ ಅಂತೂ ಇನ್ನೂ ಅಪಾಯ. 12 ವೋಲ್ಟಿನ 21 ವ್ಯಾಟ್ ಬಲ್ಬ್ ಎಳೆಯುವುದೇ 1.75 ಆಂಪಿಯರ್. ಏರ್‌ಬ್ಯಾಗಾಗಲಿ ಪ್ರಿಟೆನ್ಷನರ್ ಆಗಲಿ, ಅದನ್ನು ಮೀಟರಿನಲ್ಲಿ ಅಳೆಯಬಾರದು ಅಂತ ಕಾರು ತಯಾರಕರ ಮ್ಯಾನುಯಲ್‌ಗಳು ದಪ್ಪ ಅಕ್ಷರದಲ್ಲಿ ಹೇಳುತ್ತವೆ.

ಅಳೆಯುವ ಅಗತ್ಯವೂ ಇಲ್ಲ. ಕಂಪ್ಯೂಟರೇ ಅಳೆದು ಬರೆದಿಟ್ಟಿದೆ. ಓದಲು ಸ್ಕ್ಯಾನರ್ ಬೇಕು, ಅಷ್ಟೇ. ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಅಗ್ಗದ ಒಬಿಡಿ ರೀಡರ್‌ಗಳು, ಅಂದರೆ ಕಾರಿಗೆ ಸಿಕ್ಕಿಸಿ ಕೋಡ್ ಓದುವ ಪುಟ್ಟ ಉಪಕರಣಗಳು, ಎಂಜಿನ್ ಕೋಡ್ ಮಾತ್ರ ಓದುತ್ತವೆ. ನನ್ನದು ‘ಯಾವ ದೋಷವೂ ಇಲ್ಲ’ ಅಂತ ತೋರಿಸಿತು, ಎದುರಿಗೆ ದೀಪ ಉರಿಯುತ್ತಲೇ ಇತ್ತು! ಏರ್‌ಬ್ಯಾಗ್, ಅಂದರೆ ಎಸ್‌ಆರ್‌ಎಸ್ ಓದುವ ಸ್ಕ್ಯಾನರ್ ಬೇಕು. ಅದರಲ್ಲಿ ‘ಬಿ’ಯಿಂದ ಶುರುವಾಗುವ ಕೋಡ್‌ಗಳು ಬರುತ್ತವೆ. ಯಾವ ಸರ್ಕ್ಯೂಟು, ಓಮ್ ಜಾಸ್ತಿಯೋ ಕಡಿಮೆಯೋ ಅಂತಲೂ ಹೇಳುತ್ತದೆ. ಜಾಸ್ತಿ ಅಂದರೆ ಪ್ಲಗ್ ಪೂರ್ತಿ ಕೂತಿಲ್ಲ, ವೈರು ತುಂಡಾಗಿದೆ, ಇಲ್ಲವೇ ಮದ್ದು ಮೊದಲೇ ಸಿಡಿದಿದೆ. ಕಡಿಮೆ ಅಂದರೆ ವೈರುಗಳು ಎಲ್ಲೋ ಒಂದಕ್ಕೊಂದು ತಾಗಿವೆ, ಅಥವಾ ಪ್ಲಗ್ಗಿನೊಳಗಿನ ಆ ಪಟ್ಟಿ ಸರಿದಿಲ್ಲ.

ರೆಸಿಸ್ಟರ್ ಹಾಕಿದರೆ ದೀಪ ಆರುತ್ತದಲ್ಲ?

ಆರುತ್ತದೆ. 2 ಓಮಿನ ರೆಸಿಸ್ಟರನ್ನು, ಅಂದರೆ ಕರೆಂಟಿಗೆ ಅಷ್ಟು ತಡೆ ಒಡ್ಡುವ ಪುಟ್ಟ ಭಾಗವನ್ನು, ಏರ್‌ಬ್ಯಾಗ್ ಜಾಗದಲ್ಲಿ ಸಿಕ್ಕಿಸಿದರೆ ಕಂಪ್ಯೂಟರ್ ಅದನ್ನೇ ಏರ್‌ಬ್ಯಾಗ್ ಅಂತ ನಂಬುತ್ತದೆ. ನನ್ನ ಡ್ರಾಯರಿನಲ್ಲಿ ಅಂಥವು ನೂರಾರು ಇದ್ದವು. ಸಿಡಿದ ಬಕಲ್ ಸಿಕ್ಕಿದ ದಿನ ಒಂದನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಯೋಚಿಸಿದ್ದೂ ನಿಜ.

ಹಾಕಲಿಲ್ಲ. ಇದು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಏರ್‌ಬ್ಯಾಗ್ ಇಲ್ಲ ಎಂಬ ಸತ್ಯವನ್ನು ಹೇಳಲು ಕಾರಿನಲ್ಲಿ ಇರುವುದು ಆ ಒಂದು ದೀಪ. ಅದರ ಬಾಯಿ ಮುಚ್ಚಿದರೆ, ನಾಳೆ ಆ ಕಾರು ಕೊಂಡವರಿಗೆ, ಆ ಸೀಟಿನಲ್ಲಿ ಕೂತವರಿಗೆ ತಿಳಿಯುವ ದಾರಿಯೇ ಇಲ್ಲ. ದೀಪ ಹತ್ತಿದ್ದರೆ ಹಲವು ಕಾರುಗಳಲ್ಲಿ ಬೇರೆ ಏರ್‌ಬ್ಯಾಗ್‌ಗಳೂ ಕೆಲಸ ನಿಲ್ಲಿಸಬಹುದು. ಹಾಗಾಗಿ ದೀಪ ಹತ್ತಿಸಿಕೊಂಡು ಓಡಿಸುವುದೂ ಸರಿಯಲ್ಲ. ರೇಸ್ ಸೀಟು ಹಾಕಿ ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸುವವರು ಕಂಪ್ಯೂಟರಿನಲ್ಲೇ ಆ ಸರ್ಕ್ಯೂಟನ್ನು ಅಧಿಕೃತವಾಗಿ ಬಂದ್ ಮಾಡಿಸುತ್ತಾರೆ. ಅದು ಬೇರೆ ಮಾತು. ರಸ್ತೆಯ ಕಾರಿಗೆ ಅದನ್ನು ಎಳೆದು ತರಬೇಡಿ, ಹಲವು ಕಡೆ ಕಾನೂನೂ ಒಪ್ಪುವುದಿಲ್ಲ.

ವೈರು ಕತ್ತರಿಸಿ ಬೇರೆ ಪ್ಲಗ್ ಜೋಡಿಸುವುದನ್ನೂ ನಾನು ಮಾಡುವುದಿಲ್ಲ, ಸೋಲ್ಡರಿಂಗ್ ನನ್ನ ಹೊಟ್ಟೆಪಾಡಾದರೂ. ಅಲುಗಾಟಕ್ಕೆ ಸೋಲ್ಡರ್ ಮಾಡಿದ ಜಾಗದ ಪಕ್ಕದಲ್ಲೇ ವೈರು ಮುರಿಯುತ್ತದೆ. ಆ ಎರಡು ವೈರುಗಳನ್ನು ಒಂದಕ್ಕೊಂದು ಹೆಣೆದಿರುವುದೂ ಅಂದಕ್ಕಲ್ಲ. ಹೊರಗಿನ ವಿದ್ಯುತ್ ಗದ್ದಲ ಒಳಗೆ ಹೊಕ್ಕದಿರಲಿ ಅಂತ. ಹಾಳಾದ ವೈರಿಗೆ ಕೆಲವು ತಯಾರಕರು ತಮ್ಮದೇ ರಿಪೇರಿ ಕಿಟ್ ಕೊಡುತ್ತಾರೆ. ಅದನ್ನು ಬಿಟ್ಟು ಬೇರೆ ಉಪಾಯ ಬೇಡ.

ಕೂರಿಸುವುದು

ಬಿಚ್ಚಿದ್ದಕ್ಕೆ ಉಲ್ಟಾ, ಬಹುಪಾಲು. ಬ್ಯಾಟರಿ ಇನ್ನೂ ಕಳಚಿಯೇ ಇರಲಿ. ಪ್ಲಗ್ ಕ್ಲಿಕ್ ಅನ್ನಬೇಕು, ಆಮೇಲೆ ಚಿಕ್ಕ ಬೀಗ ಒಳಗೆ ಹೋಗಬೇಕು. ಚಿಕ್ಕ ಬೀಗ ಹೋಗುತ್ತಿಲ್ಲ ಅಂದರೆ ಪ್ಲಗ್ ಪೂರ್ತಿ ಕೂತಿಲ್ಲ. ವೈರುಗಳನ್ನು ಮೊದಲು ಇದ್ದ ಕ್ಲಿಪ್‌ಗಳಲ್ಲೇ ಕೂರಿಸಿ, ಹಳಿಗೆ ಸಿಕ್ಕಿ ಕತ್ತರಿಸಿಹೋಗದ ಹಾಗೆ. ಬೋಲ್ಟುಗಳನ್ನು ಮೊದಲು ಕೈಯಲ್ಲಿ ಹಿಡಿಸಿ, ಆಮೇಲೆ ಟಾರ್ಕ್ ವ್ರೆಂಚಿನಲ್ಲಿ ಮ್ಯಾನುಯಲ್ ಹೇಳಿದಷ್ಟು ಬಿಗಿ ಮಾಡಿ. ಬಕಲ್ ಸೀಟಿಗೇ ಇದ್ದರೆ ಅಪಘಾತದಲ್ಲಿ ನಿಮ್ಮ ಭಾರವನ್ನೂ ಈ ಬೋಲ್ಟುಗಳೇ ಹೊರಬೇಕು.

ಬ್ಯಾಟರಿ ಸಿಕ್ಕಿಸುವಾಗ ಕಾರಿನೊಳಗೆ ಯಾರೂ ಇರಬಾರದು. ಮೊದಲ ಸಲ ಕೀ ತಿರುಗಿಸುವಾಗ ಸೀಟಿನಲ್ಲಿ ಕೂರಬೇಡಿ. ಬಾಗಿಲ ಹೊರಗೆ ನಿಂತು, ಏರ್‌ಬ್ಯಾಗುಗಳ ಎದುರು ತಲೆ ಬಾರದ ಹಾಗೆ ಕೈ ಚಾಚಿ.

ಪಕ್ಕದ ಸೀಟಿನಲ್ಲಿ ಭಾರ ನೋಡುವ ಸೆನ್ಸರ್ ಇದ್ದರೆ ಒಂದು ಕೆಲಸ ಬಾಕಿ ಇರುತ್ತದೆ. ಆ ಸೆನ್ಸರನ್ನು ಅದೇ ಕುಶನ್ನಿನ ಫೋಮಿನ ಜೊತೆ ಹೊಂದಿಸಿರುತ್ತಾರೆ. ಹಲವು ಕಾರುಗಳಲ್ಲಿ ಸೀಟು ಬದಲಿಸಿದ ಮೇಲೆ ಖಾಲಿ ಸೀಟಿನಲ್ಲಿ ಸ್ಕ್ಯಾನರಿನಿಂದ ಸೊನ್ನೆ ಹೊಂದಿಸಬೇಕು, ತಕ್ಕಡಿಯನ್ನು ತೂಗುವ ಮೊದಲು ಹೊಂದಿಸುವ ಹಾಗೆ. ಇದನ್ನು ಬಿಟ್ಟರೆ ದೊಡ್ಡವರು ಕೂತಾಗ ಏರ್‌ಬ್ಯಾಗ್ ಬಂದ್ ಆಗಬಹುದು, ಮಗು ಕೂತಾಗ ಆನ್ ಆಗಬಹುದು. ಈ ಒಂದು ಕೆಲಸಕ್ಕೆ ನಾನು ಕಾರನ್ನು ಸರ್ವಿಸ್ ಸೆಂಟರಿಗೇ ಒಯ್ಯುತ್ತೇನೆ. ಫೋಮು ಕತ್ತರಿಸಿ ಸೀಟು ಮೆತ್ತಗೆ ಮಾಡಿಸುವವರೂ, ದಪ್ಪ ಕವರು ಹಾಕಿಸುವವರೂ ಇದನ್ನು ನೆನಪಿಡಿ. ಪಕ್ಕದ ಏರ್‌ಬ್ಯಾಗಿನ ಹೊಲಿಗೆಯನ್ನು ಮುಚ್ಚುವ ಕವರು ಬೇಡವೇ ಬೇಡ.

ಹಳೆಯ ಸೀಟನ್ನು ಕಸಕ್ಕೆ ಎಸೆಯುವ ಹಾಗಿಲ್ಲ, ಬೇರೆ ಊರಿಗೆ ಸುಮ್ನೆ ಪಾರ್ಸೆಲ್ ಮಾಡುವ ಹಾಗೂ ಇಲ್ಲ. ಸಿಡಿಯದ ಏರ್‌ಬ್ಯಾಗ್ ಸಾಗಣೆ ನಿಯಮದಲ್ಲಿ ಅಪಾಯಕಾರಿ ಸರಕು, ಯುಎನ್ 3268 ಎಂಬ ಸಂಖ್ಯೆಯಲ್ಲಿ ಬರುತ್ತದೆ. ಕಾರು ಕಳಚುವ ಅಧಿಕೃತ ಜಾಗಕ್ಕೆ ಕೊಟ್ಟರೆ ಅವರು ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಅದನ್ನು ಆಫೀಸ್ ಕುರ್ಚಿ ಮಾಡಿಕೊಳ್ಳುವ ಆಸೆ ಇದ್ದವರು ಮೊದಲು ಏರ್‌ಬ್ಯಾಗ್, ಬಕಲ್ ಎರಡನ್ನೂ ಅಲ್ಲೇ ತೆಗೆಸಿಕೊಳ್ಳಿ.

ಕೊನೆಗೆ ದೀಪ. ಕೀ ತಿರುಗಿಸಿದಾಗ ಅದು ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೂ ತೊಂದರೆಯೇ. ಆರಿದ ಮೇಲೆ ಕೀ ಆನ್ ಇರುವಾಗಲೇ ಸೀಟನ್ನು ಪೂರ್ತಿ ಮುಂದೆ, ಪೂರ್ತಿ ಹಿಂದೆ ಎರಡು ಸಲ ಓಡಿಸಿ. ಬೆನ್ನನ್ನು ಒರಗಿಸಿ, ಎತ್ತಿ. ಬೆಲ್ಟ್ ಹಾಕಿ, ತೆಗೆಯಿರಿ. ಎಳೆದುಕೊಂಡ ವೈರು, ಅರ್ಧ ಕೂತ ಪ್ಲಗ್ ಇದ್ದರೆ ಈಗಲೇ ಸಿಕ್ಕಿಬೀಳುತ್ತದೆ. ಬೋಲ್ಟುಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳಗಳನ್ನು ಇದಾದ ಮೇಲೆಯೇ ಹಾಕಿ. ಆತುರಪಟ್ಟು ಮೊದಲೇ ಹಾಕಿ, ಮತ್ತೆ ಕೀಳಲು ಹೋಗಿ ನಾನು ಮುರಿದ ಮುಚ್ಚಳ ನಾಲ್ಕು.